ಕನ್ನಿಮೂಲೆಗೆ ಬಾಕಿ ಇಟ್ಟ ಕಲ್ಲು

ಕಳೆದ ಏಪ್ರಿಲ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಪಂಜದಿಂದ ಎರಡು ಕಿಲೋಮೀಟರ್ ಒಳಗೆ, ನಮ್ಮ ಕೊಕ್ಕೊ ಬೆಳೆಗಾರರ ಗುಂಪಿನ ಅಧ್ಯಕ್ಷರ ಜಾಗ. ಹಾಜರಿದ್ದವರು ಅಧ್ಯಕ್ಷರು ಮತ್ತು ಕಾರ್ಯದರ್ಶಿಯಾದ ನಾನು. ನಮ್ಮಿಬ್ಬರ ಎದುರಿಗೆ ಅಲ್ಲಿ ಇರಲೇಬಾರದಾಗಿದ್ದ ಒಂದು ವಸ್ತು ಇತ್ತು. ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲದ, ಕೆಂಪುಕಲ್ಲಿನ ಹೊಚ್ಚ ಹೊಸ ಪಂಚಾಂಗ. ಕಟ್ಟಡದ ಅಡಿಪಾಯಕ್ಕೆ ನಮ್ಮ ಕಡೆ ಪಂಚಾಂಗ ಎನ್ನುತ್ತೇವೆ.

ಸಮಯ, ಸ್ಥಳ, ಹಾಜರಿದ್ದವರು ಎಂದು ಮೊದಲು ಬರೆಯದೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಘಾಟಿಯ ಕೆಳಗಿನ ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಮಾಸ್ಟರ್ ಆಗಿ ಇಡೀ ನೌಕರಿ ಮುಗಿಸಿದವನು ನಾನು. ಊರಿನಲ್ಲಿ ಎಲ್ಲರೂ ಮಾಸ್ಟ್ರು ಎನ್ನುತ್ತಾರೆ. ಹೊಸಬರು ಶಾಲೆಯ ಮಾಸ್ಟ್ರು ಎಂದುಕೊಂಡು ಮಕ್ಕಳ ಲೆಕ್ಕದ ಪುಸ್ತಕ ತರುತ್ತಾರೆ. ಸಾಧ್ಯವಾದಷ್ಟು ಹೇಳಿಕೊಟ್ಟು ಕಳುಹಿಸುತ್ತೇನೆ. ವಿವರಿಸುವುದಕ್ಕಿಂತ ಅದು ಬೇಗ ಮುಗಿಯುತ್ತದೆ.

ಅಧ್ಯಕ್ಷರು ಪಂಚಾಂಗದ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಕಲ್ಲನ್ನು ಬೆರಳಿನಿಂದ ತಟ್ಟಿದರು. "ಎಂತ ಗಟ್ಟಿ ಉಂಟು ನೋಡಿ ಮಾಸ್ಟ್ರೆ. ಬೇಡ ಅಂದ್ರೂ ಹೋಗುದಿಲ್ಲ ಇದು."

"ಹೋಗಬಾರದು ಅಂತಲೇ ಕಟ್ಟಿದ್ದು, ಗೌಡ್ರೆ."

"ಹೌದು. ಈಗ ಇಲ್ಲ ಅಂತ ಹೇಳ್ಬೇಕಲ್ಲ, ಅದೇ ಕಷ್ಟ."

ಆ ಕಷ್ಟಕ್ಕೆ ಕಾರಣ ನಾನೇ. ಅದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮದು ಹನ್ನೊಂದು ಮನೆಗಳ ಗುಂಪು. ಅಡಿಕೆ ಮರಗಳ ನಡುವೆ ಎಲ್ಲರದೂ ಒಂದಷ್ಟು ಕೊಕ್ಕೊ ಗಿಡ. ಇಷ್ಟು ವರ್ಷ ನಾವು ಮಾಡುತ್ತಿದ್ದದ್ದು ಒಂದೇ ಕೆಲಸ. ಹಣ್ಣು ಒಡೆದ ದಿನವೇ, ಲೋಳೆ ಸೋರುವ ಹಸಿ ಬೀಜವನ್ನು ಬಕೆಟ್ಟಿನಲ್ಲಿ ತುಂಬಿ ಪೇಟೆಯ ವ್ಯಾಪಾರಿಗಳಿಗೆ ಕೊಟ್ಟು ಬರುವುದು. ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲ, ಇಟ್ಟುಕೊಂಡರೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಅವರು ಹೇಳಿದ್ದೇ ಬೆಲೆ. ಬೀಜವನ್ನು ಮರದ ಪೆಟ್ಟಿಗೆಯಲ್ಲಿ ಆರು ದಿನ ಹುಳಿ ಬರಿಸಿ, ಸರಿಯಾಗಿ ಒಣಗಿಸಿ ಕೊಟ್ಟರೆ ಅದು ನೇರವಾಗಿ ಚಾಕಲೇಟಿಗೆ ಹೋಗುತ್ತದೆ. ಅದಕ್ಕೆ ಬೇಕಾದದ್ದು ಎರಡು, ಪೆಟ್ಟಿಗೆಗಳನ್ನು ಇಡಲು ಒಂದು ಶೆಡ್ಡು, ಮತ್ತು ಮಳೆಯಲ್ಲೂ ಬೆಳಕು ಒಳಗೆ ಬರುವ ಪಾರದರ್ಶಕ ಮಾಡಿನ ಒಣಗಿಸುವ ಮನೆ.

ತೋಟಗಾರಿಕೆ ಇಲಾಖೆಯಲ್ಲಿ ಇಂಥದಕ್ಕೆ ಅರ್ಧ ಸಹಾಯಧನ ಕೊಡುವ ಯೋಜನೆ ಇತ್ತು. ಇನ್ನರ್ಧಕ್ಕೆ ಪುತ್ತೂರಿನಲ್ಲಿ ಸ್ವಂತವಾಗಿ ಚಾಕಲೇಟು ಮಾಡುವ ಒಬ್ಬ ಮಹಿಳೆ ಆಸಕ್ತಿ ತೋರಿಸಿದ್ದರು. ಕೇಳಿದವರೆಲ್ಲ, ಮತ್ತೆಂತ ಬೇಕು ನಿಮಗೆ ಎಂದರು. ಆದರೆ ಸುಳ್ಯದ ಕಚೇರಿಯಲ್ಲಿ ಅಧಿಕಾರಿ, "ನಿಮ್ಮ ಪಾಲಿನ ಅರ್ಧ ಎಲ್ಲಿಂದ ಬರ್ತದೆ ಅಂತ ಮೊದಲು ಬರವಣಿಗೆಯಲ್ಲಿ ಕೊಡಿ" ಎಂದರು. ಪುತ್ತೂರಿನವರು, "ಸರ್ಕಾರದ ಮಂಜೂರಾತಿ ಪತ್ರ ತೋರಿಸಿ, ಅವತ್ತೇ ಬರೆದು ಕೊಡ್ತೇನೆ" ಎಂದರು. ನಾನು ಎರಡು ತಿಂಗಳು ಸೋಮವಾರ ಸುಳ್ಯಕ್ಕೆ, ಗುರುವಾರ ಪುತ್ತೂರಿಗೆ ಬಸ್ಸಿನಲ್ಲಿ ತಿರುಗಿದೆ. ಒಂಟಿ ಹಳಿಯ ಎರಡು ತುದಿಯಲ್ಲಿ ಎರಡು ಗಾಡಿ ನಿಂತು, ಎದುರಿನದು ಮೊದಲು ಬರಲಿ ಎಂದು ಇಬ್ಬರು ಡ್ರೈವರುಗಳೂ ಚಹಾ ಕುಡಿಯುತ್ತಾ ಕುಳಿತ ಹಾಗೆ.

ಕಾಯುವುದು ನನ್ನ ಜಾಯಮಾನವಲ್ಲ. ಮಾರ್ಚ್ ತಿಂಗಳ ಸಭೆಯಲ್ಲಿ ಹೇಳಿದೆ, ಮೇ ಕಳೆದರೆ ಕಲ್ಲಿನ ಲಾರಿ ಈ ಮಣ್ಣಿನ ದಾರಿಯಲ್ಲಿ ಬರುವುದಿಲ್ಲ, ಪಂಚಾಂಗವಾದರೂ ಈಗಲೇ ಮುಗಿಸಿಡೋಣ. ಅರ್ಜಿಯ ಏಳನೆಯ ಷರತ್ತನ್ನು ನಾನೇ ಗಟ್ಟಿಯಾಗಿ ಓದಿದೆ. "ಕಾರ್ಯಾದೇಶ ದೊರೆಯುವ ಮೊದಲು ಕಾಮಗಾರಿ ಆರಂಭಿಸತಕ್ಕದ್ದಲ್ಲ."

"ಆರಂಭ ಅಂದ್ರೆ ಯಾವಾಗ?" ಎಂದು ಅಧ್ಯಕ್ಷರು ಕೇಳಿದರು.

ಹನ್ನೊಂದು ಮನೆಯವರಿಗೂ ಅದರಲ್ಲಿ ಸಂಶಯವೇ ಇರಲಿಲ್ಲ. ಕೆಸರುಕಲ್ಲು ಹಾಕಿದಾಗ! ನಮ್ಮಲ್ಲಿ ಯಾವ ಕಟ್ಟಡವೂ ಶುರುವಾಗುವುದು ಕೆಸರುಕಲ್ಲಿನಿಂದ. ಕನ್ನಿಮೂಲೆಯಲ್ಲಿ, ಅಂದರೆ ನೈಋತ್ಯ ಮೂಲೆಯಲ್ಲಿ, ದೀಪ ಹಚ್ಚಿ, ಹೂ ಇಟ್ಟು, ತೆಂಗಿನಕಾಯಿ ಒಡೆದು ಮೊದಲ ಕಲ್ಲು ಇಡುತ್ತೇವೆ. ಅದು ಆಗದೆ ಕೆಲಸ ಶುರುವಾಯಿತು ಎಂದು ಯಾರೂ ಹೇಳುವುದಿಲ್ಲ. ಹಾಗಾದರೆ ಆ ಒಂದು ಮೂಲೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕಟ್ಟಿಬಿಡುವುದು, ಅಧಿಕಾರಿ ಬಂದ ದಿನ ಅವರ ಕೈಯಿಂದಲೇ ಕಲ್ಲು ಇಡಿಸುವುದು ಎಂದು ತೀರ್ಮಾನವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಿಯಮದ ಪುಸ್ತಕವನ್ನು ತಲೆದಿಂಬಿನ ಹಾಗೆ ಇಟ್ಟುಕೊಂಡು ಬದುಕಿದ ನಾನು!

ಮೂರು ಭಾನುವಾರ ಹನ್ನೊಂದು ಮನೆಯವರು ಪಿಕ್ಕಾಸು, ಬುಟ್ಟಿ ಹಿಡಿದು ಬಂದರು. ಮನೆಗೆ ಇಷ್ಟಡಿ ಎಂದು ನಾನು ಪಟ್ಟಿ ಮಾಡಿದ್ದೆ. ಕೂಲಿಯ ಪ್ರಶ್ನೆಯೇ ಇರಲಿಲ್ಲ. ಮೂರನೆಯ ಭಾನುವಾರ ಸಂಜೆ ಐದಕ್ಕೆ ಪಂಚಾಂಗ ಮುಗಿಯಿತು. ಕನ್ನಿಮೂಲೆಯಲ್ಲಿ ಮಾತ್ರ ಒಂದು ಕಲ್ಲಿನಷ್ಟು ಬಾಯಿ ಬಿಟ್ಟಿತ್ತು.

ಸೋಮವಾರ ಸಂಜೆ ಅಧಿಕಾರಿಯ ಫೋನು ಬಂತು. "ಸರ್, ನಾಳೆ ಬೆಳಿಗ್ಗೆ ಜಾಗ ನೋಡ್ಲಿಕ್ಕೆ ಬರ್ತೇನೆ. ಖಾಲಿ ಜಾಗದ ಫೋಟೋ ತೆಗೆದು ಹಾಕ್ಬೇಕು. ನಾಳೆ ಸಂಜೆ ತಾಲೂಕಿನ ಪಟ್ಟಿ ಹೋಗ್ತದೆ, ತಪ್ಪಿದ್ರೆ ಮುಂದಿನ ವರ್ಷವೇ. ಕೆಲಸ ಎಂತದೂ ಶುರು ಮಾಡ್ಲಿಲ್ಲ ಅಲ್ವಾ?"

ಖಾಲಿ ಜಾಗ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಏಳನೆಯ ಷರತ್ತಿನ ಅರ್ಥ ಹೊಳೆಯಿತು. "ಬನ್ನಿ ಮೇಡಂ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಮಾತು ಮುಗಿಸಿದ್ದು ನನ್ನ ನೌಕರಿಯಲ್ಲಿ ಒಮ್ಮೆಯೂ ಇಲ್ಲ.

ಮಂಗಳವಾರ ಬೆಳಿಗ್ಗೆ ಆರೂಹತ್ತಕ್ಕೆ ನಾವಿಬ್ಬರು ಅಲ್ಲಿ ನಿಂತಿದ್ದದ್ದು ಅದಕ್ಕೆ. ಹನ್ನೊಂದು ಮನೆಯ ಸಹಾಯಧನ ನನ್ನ ಆತುರದಿಂದ ತಪ್ಪುವುದರಲ್ಲಿತ್ತು. ಸರ್ಕಾರದ್ದು ತಪ್ಪಿದರೆ ಪುತ್ತೂರಿನದೂ ತಪ್ಪಿತು.

"ಒಂದು ಕೆಲಸ ಮಾಡುವ," ಎಂದರು ಅಧ್ಯಕ್ಷರು. "ಇದರ ಮೇಲೆ ಅಡಿಕೆ ಸೋಗೆ ಹರಡುವ. ಸೋಗೆಯ ಮೇಲೆ ಮಣ್ಣು. ಮಣ್ಣಿನ ಮೇಲೆ ನಮ್ಮ ದನ ಕಟ್ಟುವ. ದನ ಇದ್ದ ಜಾಗಕ್ಕೆ ಖಾಲಿ ಜಾಗ ಅಂತ ಯಾರು ಬೇಕಾದ್ರೂ ಹೇಳ್ಬಹುದು."

"ದನ ಎರಡಡಿ ಎತ್ತರದಲ್ಲಿ ಯಾಕೆ ನಿಂತಿದೆ ಅಂತ ಕೇಳಿದ್ರೆ?"

"ಅದು ಎತ್ತರದ ಜಾತಿ ಅಂತ ಹೇಳುವ ಮಾರಾಯ್ರೆ!"

ನಗು ಬಂತು. ಆದರೂ ಹೇಳಿದೆ, "ಹಳಿಯ ಮೇಲೆ ಗಾಡಿ ಇಟ್ಟುಕೊಂಡು ಲೈನ್ ಖಾಲಿ ಉಂಟು ಅಂತ ನಾನು ಯಾವತ್ತೂ ಹೇಳಿದವನಲ್ಲ ಗೌಡ್ರೆ. ಇದ್ದದ್ದು ಇದ್ದ ಹಾಗೆ ಹೇಳ್ತೇನೆ."

"ಹೇಳಿ. ಆಮೇಲೆ ಹನ್ನೊಂದು ಮನೆಗೂ ನೀವೇ ಹೋಗಿ ಅದನ್ನೂ ಹೇಳಿ," ಎಂದರು. ಈ ಸಲ ಅವರು ನಗಲಿಲ್ಲ.

ಒಂಬತ್ತು ಇಪ್ಪತ್ತಕ್ಕೆ ಅಧಿಕಾರಿ ಸ್ಕೂಟರಿನಲ್ಲಿ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹೆಲ್ಮೆಟ್ ತೆಗೆಯುವ ಮೊದಲೇ ಅವರಿಗೆ ಪಂಚಾಂಗ ಕಂಡಿತು. ಬೆಲ್ಲ ನೀರು ಕೊಟ್ಟೆವು. ಲೋಟ ಕೈಯಲ್ಲಿ ಹಿಡಿದೇ ಪಂಚಾಂಗಕ್ಕೆ ಒಂದು ಸುತ್ತು ಬಂದರು.

"ಸರ್, ಇದು ಎಂತ?"

ಎಲ್ಲವನ್ನೂ ಹೇಳಿದೆ. ಸಭೆ, ಏಳನೆಯ ಷರತ್ತು, ಮೂರು ಭಾನುವಾರ. ತಪ್ಪು ಕಾರ್ಯದರ್ಶಿಯದು ಎಂದೂ ಹೇಳಿದೆ. ಅಧ್ಯಕ್ಷರಿಗೆ ತಡೆಯಲಿಲ್ಲ. ಕನ್ನಿಮೂಲೆಗೆ ಹೋಗಿ ಆ ಸಂದಿಗೆ ಕೈ ಹಾಕಿ ತೋರಿಸಿದರು. "ನೋಡಿ ಮೇಡಂ, ಕೆಸರುಕಲ್ಲು ಹಾಕ್ಲಿಲ್ಲ. ಹಾಗಾಗಿ ಶುರುವೇ ಆಗ್ಲಿಲ್ಲ. ನಿಮಗೇ ಅಂತ ಇಟ್ಟದ್ದು."

ಅವರು ಆ ಸಂದಿಯನ್ನು ನೋಡಿದರು, ಪಕ್ಕದಲ್ಲಿ ಬಾಳೆಎಲೆ ಮುಚ್ಚಿ ಇಟ್ಟಿದ್ದ ಕಲ್ಲನ್ನು ನೋಡಿದರು. ನಕ್ಕೇಬಿಟ್ಟರು. "ನಮ್ಮ ಮನೆಯಲ್ಲೂ ಹಾಗೇ ಹೇಳುದು ಗೌಡ್ರೆ. ಆದ್ರೆ ನನ್ನ ಮೊಬೈಲಿಗೆ ಕನ್ನಿಮೂಲೆ ಗೊತ್ತಿಲ್ಲ. ಫೋಟೋದಲ್ಲಿ ಕಟ್ಟಡ ಬಂದ್ರೆ ಅರ್ಜಿ ವಾಪಸ್."

ಹೆಲ್ಮೆಟ್ ಮತ್ತೆ ಕೈಗೆತ್ತಿಕೊಂಡರು. ಆಗ ನನ್ನ ಕಣ್ಣು ಕೆಳಗಿನ ಗದ್ದೆಯ ಮೇಲೆ ಬಿತ್ತು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ. ಒಂದು ಹಳಿಯಲ್ಲಿ ಗಾಡಿ ನಿಂತಿದ್ದರೆ ಬರುವ ಗಾಡಿಯನ್ನು ಪಕ್ಕದ ಹಳಿಗೆ ತೆಗೆದುಕೊಳ್ಳುತ್ತೇವೆ. ಇಷ್ಟು ಸರಳವಾದದ್ದು ಹದಿನಾರು ಗಂಟೆ ಯಾಕೆ ಹೊಳೆಯಲಿಲ್ಲವೋ!

"ಮೇಡಂ, ಶೆಡ್ಡು ಬಿಟ್ಟು ಒಣಗಿಸುವ ಮನೆಗೆ ಮಾತ್ರ ಅರ್ಜಿ ತಿದ್ದಿ ಕೊಡಬಹುದಾ? ಜಾಗ ಕೆಳಗಿನ ಗದ್ದೆ. ಅಲ್ಲಿ ಕಲ್ಲೂ ಇಲ್ಲ, ಗೂಟವೂ ಇಲ್ಲ."

ಅವರು ಯೋಚಿಸಿದರು. "ತಿದ್ದಬಹುದು. ಆದ್ರೆ ಹುಳಿ ಬರಿಸುವ ಶೆಡ್ಡು ಇಲ್ಲದೆ ಒಣಗಿಸುವ ಮನೆ ಎಂತಕ್ಕೆ ಅಂತ ಮೇಲಿನವರು ಕೇಳ್ತಾರೆ. ಶೆಡ್ಡು ತಮ್ಮ ಖರ್ಚಿನಲ್ಲಿ ಕಟ್ಟಿಸ್ತೇನೆ ಅಂತ ಯಾರಾದ್ರೂ ಪತ್ರ ಕೊಡ್ಬೇಕು. ಗದ್ದೆಯಲ್ಲಿ ಬೆಳೆ ಏನುಂಟು?"

"ಸೌತೆ," ಎಂದರು ಅಧ್ಯಕ್ಷರು. ಮಳೆಗಾಲಕ್ಕೆ ಎಂದು ಬೆಳೆದು, ಕೆಡದ ಹಾಗೆ ಅಟ್ಟದ ಕೆಳಗೆ ತೂಗಹಾಕಿ ಇಡುವ ಸಾಂಬಾರು ಸೌತೆ, ಕೊಯ್ಯಲು ತಯಾರಾಗಿ ಬಳ್ಳಿಯ ತುಂಬ ಹಳದಿ ತಿರುಗಿತ್ತು.

"ಬಳ್ಳಿ ತೆಗೆದು, ನಾಲ್ಕು ಮೂಲೆಗೆ ಸುಣ್ಣದ ಗೆರೆ ಹಾಕಿ. ಜಾಗದ ಯಜಮಾನರ ಒಪ್ಪಿಗೆ ಪತ್ರ ಬೇಕು. ನಾನು ಸುಬ್ರಹ್ಮಣ್ಯ ಕಡೆ ಹೋಗಿ ನಾಲ್ಕು ಗಂಟೆಗೆ ಇದೇ ದಾರಿಯಲ್ಲಿ ವಾಪಸ್ ಬರ್ತೇನೆ. ಆಗ ಇದೆಲ್ಲ ಇದ್ರೆ ಫೋಟೋ ತೆಗಿತೇನೆ. ಇಲ್ಲದಿದ್ರೆ ಬೇಜಾರು ಮಾಡ್ಬೇಡಿ ಸರ್."

"ಜಾಗ ನಮ್ಮದೇ ಮೇಡಂ, ಒಪ್ಪಿಗೆಗೆ ಎಂತ ಕಷ್ಟ!" ಎಂದರು ಅಧ್ಯಕ್ಷರು ಎದೆ ಉಬ್ಬಿಸಿ.

ಸ್ಕೂಟರು ತಿರುವಿನಲ್ಲಿ ಮರೆಯಾದಾಗ ಒಂಬತ್ತು ಐವತ್ತು. ಆರು ಗಂಟೆ ಹತ್ತು ನಿಮಿಷದ ಅವಕಾಶ. ನಿಜ ಹೇಳುತ್ತೇನೆ, ನಿವೃತ್ತಿಯಾದ ಮೇಲೆ ನನ್ನ ರಕ್ತ ಇಷ್ಟು ಜೋರಾಗಿ ಓಡಿದ್ದು ಅವತ್ತೇ. ಜೇಬಿನ ಕಾಗದದಲ್ಲಿ ಬರೆದೆ: ಪತ್ರ, ಬಳ್ಳಿ, ಸುಣ್ಣ, ಒಪ್ಪಿಗೆ. ಪುತ್ತೂರಿಗೆ ಫೋನ್ ಮಾಡಿದೆ. "ಮಾದರಿ ಬೀಜ ತಯಾರಾಗಿದೆ, ಇವತ್ತೇ ಬಂದು ನೋಡಬೇಕು. ಇನ್ನೊಂದು ವಿಷಯವೂ ಉಂಟು, ಅದು ಫೋನಿನಲ್ಲಿ ಹೇಳುವುದಲ್ಲ" ಎಂದೆ.

"ಎಂತ ಮಾಸ್ಟ್ರೆ, ಮದುವೆ ಪ್ರಸ್ತಾಪದ ಹಾಗೆ ಮಾತಾಡ್ತೀರಿ! ಬರ್ತೇನೆ."

ಹನ್ನೊಂದೂಕಾಲಕ್ಕೆ ಅವರ ಕಾರು ಬಂತು. ಐವತ್ತು ದಾಟಿದವರು, ಮಾತೂ ನಡಿಗೆಯೂ ನನ್ನಷ್ಟೇ ಚುರುಕು. ಮೊದಲು ಬೀಜ ಎಂದರು. ಹನ್ನೊಂದು ಮನೆಯ ಹಸಿ ಬೀಜ ಸೇರಿಸಿ, ಹಲಸಿನ ಹಲಗೆಯ ಪೆಟ್ಟಿಗೆಗೆ ಬಾಳೆಎಲೆ ಹಾಸಿ ನಾನೇ ಹುಳಿ ಬರಿಸಿದ್ದೆ. ಎರಡನೆಯ ದಿನ ಮತ್ತು ನಾಲ್ಕನೆಯ ದಿನ, ಬೆಳಿಗ್ಗೆ ಸರಿಯಾಗಿ ಆರಕ್ಕೆ, ಮೇಲಿನದು ಕೆಳಗೆ ಬರುವಂತೆ ತಿರುವಿ ಹಾಕಿದ್ದೆ. ಮೊದಲು ಹೆಂಡದ ವಾಸನೆ, ಆಮೇಲೆ ಹುಳಿ ವಾಸನೆ, ರಾಶಿಯೊಳಗೆ ಕೈ ಇಟ್ಟರೆ ಜ್ವರ ಬಂದವರ ಹಣೆಯ ಬಿಸಿ. ಏಳನೆಯ ದಿನದಿಂದ ಚಾಪೆಯ ಮೇಲೆ ಬಿಸಿಲು.

ಅವರು ಚೀಲದಿಂದ ಸಣ್ಣ ಚೂರಿ ತೆಗೆದು ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಬೀಜವನ್ನು ಉದ್ದಕ್ಕೆ ಸೀಳತೊಡಗಿದರು. ಒಳಗೆ ನೇರಳೆ ಬಣ್ಣ ಉಳಿದಿದ್ದರೆ ಹುಳಿ ಸಾಲದು, ಕಂದು ಬಂದಿದ್ದರೆ ಸರಿ. ಮೊದಲನೆಯದು ಕಂದು. ಎರಡನೆಯದು ಕಂದು. ಮೂರನೆಯದರಲ್ಲಿ ಒಂದಂಚು ನೇರಳೆ. ನಾನು ಹತ್ತಿರ ಬಾಗಿ ನೋಡಿದೆ. ಆಮೇಲಿನವು ಸಾಲಾಗಿ ಕಂದು, ಒಳಗೆಲ್ಲ ಸರಿಯಾದ ಬಿರುಕು.

"ಯಾರು ತಿರುವಿ ಹಾಕಿದ್ದು ಇದನ್ನು?"

"ನಾನು."

"ಒಂದು ಸಲವೂ ಹೊತ್ತು ತಪ್ಪಲಿಲ್ಲ ಅಲ್ವಾ?"

"ಅವರಿಗೆ ಹೊತ್ತು ತಪ್ಪಿದ್ರೆ ಊಟ ಸೇರುದಿಲ್ಲ," ಎಂದರು ಅಧ್ಯಕ್ಷರು. "ಮೊನ್ನೆ ನನ್ನ ಕೋಳಿಗೆ ಹೇಳ್ತಿದ್ರು, ಎರಡು ನಿಮಿಷ ಬೇಗ ಕೂಗಿದೆ ಅಂತ."

ಪುತ್ತೂರಿನವರು ನಗುತ್ತಿರುವಾಗಲೇ ಅವರನ್ನು ಪಂಚಾಂಗದ ಬಳಿಗೆ ಕರೆದುಕೊಂಡು ಹೋಗಿ ಬೆಳಗಿನ ವಿಷಯ ಹೇಳಿದೆ. ಸರ್ಕಾರ ಇದಕ್ಕೆ ಕೊಡುವುದಿಲ್ಲ. ಕೆಳಗೆ ಒಣಗಿಸುವ ಮನೆಗೆ ಕೊಡಬಹುದು, ಆದರೆ ಮಂಜೂರಾಗುವ ಮೊದಲೇ ನೀವು ಶೆಡ್ಡಿಗೆ ಒಪ್ಪಿ ಪತ್ರ ಕೊಡಬೇಕು. ನೀವು ಬೇಡ ಎಂದದ್ದನ್ನೇ ಕೇಳುತ್ತಿದ್ದೇನೆ.

ಅವರ ನಗು ನಿಂತಿತು. "ಸರ್ಕಾರ ಬೇಡ ಅಂದ ಮಾಲನ್ನು ನನಗೆ ಮಾರ್ತೀರಾ ಮಾಸ್ಟ್ರೆ?"

"ಹೌದು," ಎಂದೆ.

ಅವರು ಪಂಚಾಂಗದ ಮೇಲೆ ಹತ್ತಿ ಉದ್ದಕ್ಕೆ ನಡೆದರು. ಒಂದು ಕಡೆ ಕಲ್ಲಿನ ಸಾಲು ಸ್ವಲ್ಪ ಸೊಟ್ಟ ಇತ್ತು. ಅಲ್ಲಿ ನಿಂತು ಕೇಳಿದರು, "ಇದು ಯಾವ ಮೇಸ್ತ್ರಿಯ ಕೆಲಸ?"

"ಮೇಸ್ತ್ರಿ ಇಲ್ಲ. ಅದು ನನ್ನ ಹತ್ತಡಿ," ಎಂದರು ಅಧ್ಯಕ್ಷರು. "ಉಳಿದವರದು ನೆಟ್ಟಗೆ ಉಂಟು."

"ಕೂಲಿ ಯಾರು ಕೊಟ್ಟದ್ದು?"

"ಕೂಲಿ ಎಲ್ಲಿಂದ? ಮೂರು ಭಾನುವಾರ ಎಲ್ಲ ಮನೆಯವರೂ ಸೇರಿ ಮಾಡಿದ್ದು."

ಅವರು ಕನ್ನಿಮೂಲೆಗೆ ಬಂದು ಖಾಲಿ ಸಂದಿಯನ್ನು ನೋಡಿ ನಿಂತರು. ಅದು ಅಧಿಕಾರಿಗೆಂದು ಇಟ್ಟದ್ದು ಎಂದು ತಿಳಿದಾಗ ನಿಧಾನವಾಗಿ ಹೇಳಿದರು, "ದುಡ್ಡು ಬಂದ್ರೆ ಶುರು ಮಾಡ್ತೇವೆ ಅಂತ ಹೇಳುವವರು ನನ್ನ ಅಂಗಡಿಗೆ ದಿನಾ ಬರ್ತಾರೆ. ದುಡ್ಡು ಬರುವ ಮೊದಲು ಕೆಲಸ ಮಾಡಿ ಸಿಕ್ಕಿಬಿದ್ದವರನ್ನು ಇವತ್ತೇ ನೋಡಿದ್ದು." ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅವರು ಇಡ್ಲಿಕ್ಕೆ ಆಗುದಿಲ್ಲ ಅಂದ್ರಲ್ಲ. ನಾನು ಇಡಬಹುದಾ?"

ಅಧ್ಯಕ್ಷರು ಓಡಿ ಹೋಗಿ ದೀಪ, ತೆಂಗಿನಕಾಯಿ ತಂದರು. ಅಂಗಳದ ದಾಸವಾಳ ನಾನೇ ಕೊಯ್ದೆ. ಕೆಂಪುಕಲ್ಲಿನ ಭಾರ ಒಬ್ಬರ ಕೈಗೆ ಮೀರಿದ್ದು. ಅಧ್ಯಕ್ಷರೂ ನಾನೂ ಎತ್ತಿದೆವು, ಅವರು ಎರಡೂ ಕೈ ತಾಗಿಸಿ ಸಂದಿಗೆ ಇಳಿಸಿದರು. ಕಲ್ಲು ಬೆರಳಷ್ಟೂ ಅಂತರವಿಲ್ಲದೆ ಕುಳಿತಿತು. ಹನ್ನೆರಡು ಗಂಟೆ ಎಂಟು ನಿಮಿಷ. ಮೇಜಿನ ಮುಂದೆ ಕುಳಿತು ಅವರೇ ಪತ್ರ ಬರೆದರು. ಷರತ್ತು ಎರಡು. ಗುಂಪಿನ ಒಣಬೀಜವನ್ನು ಪೇಟೆಯ ಬೆಲೆಗೆ ಮೊದಲು ಅವರಿಗೆ ತೋರಿಸಬೇಕು. ಪೆಟ್ಟಿಗೆ ತಿರುವುವ ವೇಳಾಪಟ್ಟಿ ನನ್ನ ಕೈಬರಹದಲ್ಲಿ ಶೆಡ್ಡಿನ ಗೋಡೆಗೆ ಅಂಟಿರಬೇಕು.

ಅವರು ಹೊರಟ ಮೇಲೆ ಪಹಣಿ ಕೇಳಿದೆ. ಒಪ್ಪಿಗೆ ಪತ್ರಕ್ಕೆ ಸರ್ವೆ ನಂಬರು ಬೇಕಿತ್ತು. ಅಧ್ಯಕ್ಷರು ಪೆಟ್ಟಿಗೆಯಲ್ಲಿ ಹುಡುಕಿ ಕಾಗದ ತಂದು ನನ್ನ ಕೈಗೆ ಕೊಡದೆ ನಿಂತರು.

"ಮಾಸ್ಟ್ರೆ, ಕೆಳಗಿನ ಗದ್ದೆ ಅವಳ ಹೆಸರಿನಲ್ಲಿ ಉಂಟು. ನನಗೆ ಮರೆತೇ ಹೋಗಿತ್ತು."

ಅವರ ಹೆಂಡತಿ ಕಣ್ಣಿನ ಪರೀಕ್ಷೆಗೆಂದು ಮೊದಲ ಬಸ್ಸಿಗೆ ಸುಳ್ಯಕ್ಕೆ ಹೋಗಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ಊರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಹನ್ನೆರಡೂ ಮುಕ್ಕಾಲಕ್ಕೆ ಬಂದರು. ಕಣ್ಣಿಗೆ ಔಷಧಿ ಹಾಕಿದ್ದರಿಂದ ಕೊಡೆ ಮುಂದಕ್ಕೆ ಬಾಗಿಸಿ ಹಿಡಿದಿದ್ದರು. ಅಷ್ಟು ಮಂಜಿನಲ್ಲೂ ಗಂಡ ತನ್ನ ಸೌತೆ ಗದ್ದೆಯಲ್ಲಿ ಕತ್ತಿ ಹಿಡಿದು ನಿಂತದ್ದು ಅವರಿಗೆ ಕಂಡಿತು.

"ಎಂತ ಅದು? ಯಾರು ಹೇಳಿದ್ದು ನನ್ನ ಬಳ್ಳಿಗೆ ಕೈ ಹಾಕ್ಲಿಕ್ಕೆ?"

ಅಧ್ಯಕ್ಷರು ನನ್ನ ಕಡೆ ತೋರಿಸಿದರು. ನಾನು ವಿಷಯ ಹೇಳಿದೆ, ನಾಲ್ಕು ಗಂಟೆಯ ಮಾತನ್ನೂ ಹೇಳಿದೆ. ಅವರು ಕೊಡೆ ಮಡಚಿ ಕಟ್ಟೆಯ ಮೇಲೆ ಕುಳಿತರು.

"ಹಾಲು ಮಾರಿ ತೆಗೆದ ಗದ್ದೆ ಅದು. ಮೂರು ಭಾನುವಾರ ನಿಮ್ಮ ಅಷ್ಟೂ ಜನಕ್ಕೆ ಗಂಜಿ ಚಟ್ನಿ ಮಾಡಿದ್ದು ನಾನು. ನಿಮ್ಮ ಗುಂಪಿನ ಪುಸ್ತಕ ತನ್ನಿ ಮಾಸ್ಟ್ರೆ. ಅದರಲ್ಲಿ ನನ್ನ ಹೆಸರು ಎಲ್ಲಿ ಉಂಟು ತೋರಿಸಿ."

ಎಲ್ಲೂ ಇರಲಿಲ್ಲ. ಮನೆಗೆ ಒಬ್ಬರೇ ಸದಸ್ಯರು ಎಂದು ನಿಯಮ ಮಾಡಿದವನು ನಾನು. ಪುಸ್ತಕ ಚೊಕ್ಕಟವಾಗಿರಲಿ ಎಂದು ಮಾಡಿದ್ದೆ. ಆ ಚೊಕ್ಕಟ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲು ನಾಚಿಕೆಯಾಯಿತು.

"ಇವರನ್ನು ಕೇಳಿದ್ರೆ ಗದ್ದೆ ನಮ್ಮದೇ ಅಂತಾರೆ," ಎಂದರು ಅಕ್ಕ, ಗಂಡನ ಕಡೆ ನೋಡದೆ. "ಪಂಚಾಯತಿನವರು ಬಂದ್ರೆ ನಮ್ಮದೇ. ಬ್ಯಾಂಕಿನವರು ಬಂದ್ರೆ ನಮ್ಮದೇ. ನೀರು ಬಿಡ್ಲಿಕ್ಕೆ ಮಾತ್ರ ಅದು ನನ್ನದು."

ಅಧ್ಯಕ್ಷರು ಕತ್ತಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು. "ಅದು ಬಾಯಿ ತಪ್ಪಿ..."

"ಒಂದು ದಿನವಾದ್ರೂ ತಪ್ಪಿ ಅವಳದ್ದು ಅಂತ ಬರ್ಲಿಲ್ಲ ಅಲ್ವಾ?"

ನಾನು ಕೇಳಿದೆ, "ಅಕ್ಕ, ಈಗ ನಾನು ಎಂತ ಮಾಡಬೇಕು ಹೇಳಿ."

"ಪುಸ್ತಕದಲ್ಲಿ ಹೆಸರು ಬರೀರಿ. ಇವರ ಹೆಂಡತಿ ಅಂತ ಅಲ್ಲ, ಸದಸ್ಯೆ ಅಂತ. ಬೇರೆ ಮನೆಯ ಹೆಂಗಸರಿಗೂ ಬೇಕಾದ್ರೆ ಅವರದ್ದೂ ಬರೀರಿ. ಮತ್ತೆ, ಸೌತೆ ಒಂದೂ ಹಾಳಾಗಬಾರದು. ತೊಟ್ಟು ಇಟ್ಟು ಕೊಯ್ಯಬೇಕು, ನೆಲಕ್ಕೆ ಹಾಕಬಾರದು, ಇವತ್ತೇ ಎಲ್ಲವನ್ನೂ ಕಟ್ಟಿ ತೂಗಹಾಕಬೇಕು. ಹಾಗೆ ಮಾಡ್ತೇನೆ ಅಂತ ಹೇಳಿದ್ರೆ ಸೈನ್ ಹಾಕ್ತೇನೆ."

ನಿಯಮ ಬದಲಿಸಲು ಸಭೆ ಬೇಕು. ಗಂಟೆ ಒಂದೂಹತ್ತು. ಉಳಿದ ಮನೆಗಳಿಗೆಲ್ಲ ಫೋನ್ ಮಾಡಿ, "ಸಭೆ ಎರಡು ಗಂಟೆಗೆ, ಸೌತೆ ಗದ್ದೆಯಲ್ಲಿ. ಬರುವಾಗ ಬುಟ್ಟಿ, ಚೂರಿ, ಬಾಳೆನಾರು ತನ್ನಿ. ಮನೆಯ ಹೆಂಗಸರೂ ಬರಬೇಕು" ಎಂದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಕೇಳಲು ನಾನು ಸಮಯ ಕೊಟ್ಟಿರಲಿಲ್ಲ.

ಎರಡಕ್ಕೆ ಐದು ನಿಮಿಷ ಇರುವಾಗಲೇ ಗದ್ದೆಯ ಬದುವಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ. ಠರಾವನ್ನು ನಿಂತೇ ಓದಿದೆ, ನಿಂತೇ ಕೈ ಎತ್ತಿದರು. ಹನ್ನೆರಡನೆಯ ಸದಸ್ಯರಾಗಿ ಅಕ್ಕ ಸಹಿ ಹಾಕಿದರು. ಅವರ ಹಿಂದೆ ಇನ್ನೂ ನಾಲ್ವರು ಹೆಂಗಸರು ಪೆನ್ನಿಗೆ ಕೈ ಚಾಚಿದರು. ಆಮೇಲೆ ಅಕ್ಕ ಒಪ್ಪಿಗೆ ಪತ್ರವನ್ನು ಎರಡು ಸಲ ನನ್ನಿಂದ ಓದಿಸಿ ಅದಕ್ಕೂ ಸಹಿ ಹಾಕಿದರು.

ಮತ್ತೆ ನಡೆದದ್ದನ್ನು ನೋಡಬೇಕಿತ್ತು! ಒಬ್ಬರು ತೊಟ್ಟು ಕೊಯ್ದು ಕೈಗೆ ಕೊಟ್ಟರೆ ಇನ್ನೊಬ್ಬರು ಮಗುವನ್ನು ಎತ್ತಿಕೊಂಡ ಹಾಗೆ ಬುಟ್ಟಿಗೆ ಇಳಿಸುವುದು, ಬುಟ್ಟಿ ಕೈಯಿಂದ ಕೈಗೆ ಮನೆಯ ಜಗಲಿಗೆ ಏರುವುದು. ಅಕ್ಕ ಬದುವಿನ ಮೇಲೆ ನಿಂತು, "ತೊಟ್ಟು! ತೊಟ್ಟು!" ಎನ್ನುತ್ತಿದ್ದರು. "ಬಿದ್ದ ಸೌತೆ ಆಟಿಯ ಮಳೆಯಲ್ಲಿ ಕೊಳೆತರೆ ಯಾರು ಬೀಳಿಸಿದ್ದು ಅಂತ ನನಗೆ ಗೊತ್ತಾಗ್ತದೆ!" ಅಧ್ಯಕ್ಷರಿಗೆ ಕೊಯ್ಯುವ ಕೆಲಸ ಕೊಡಲಿಲ್ಲ, ಬರೀ ಬಳ್ಳಿ ಹೊರುವುದು. ಅವರು ತಲೆಯ ಮೇಲೆ ಬಳ್ಳಿಯ ಹೊರೆ ಹೊತ್ತು ನನ್ನ ಪಕ್ಕದಲ್ಲಿ ಹಾದುಹೋಗುವಾಗ ಕೇಳಿದರು, "ಮಾಸ್ಟ್ರೆ, ಗುಂಪಿಗೆ ಈಗ ಅಧ್ಯಕ್ಷರು ಯಾರು?"

ಮೂರೂ ಮೂವತ್ತೆಂಟಕ್ಕೆ ಗದ್ದೆ ಬರಿದು. ಗೂಟ, ಹಗ್ಗ, ಅಳತೆ ಟೇಪು ನನ್ನ ಕೈಯಲ್ಲೇ ಇತ್ತು. ಮೂಲೆಯಿಂದ ಮೂಲೆಗೆ ಎರಡು ಸಲ ಅಳೆದು, ಕರ್ಣ ಸರಿಯಾದ ಮೇಲೆ ಸುಣ್ಣ ಹಾಕಿದೆ. ಮೂರೂ ಐವತ್ತೆರಡಕ್ಕೆ ನಾಲ್ಕನೆಯ ಗೆರೆ ಮುಗಿಯಿತು. ಕೆಂಪು ಮಣ್ಣಿನ ಮೇಲೆ ಆ ಬಿಳಿ ಚೌಕ ನೋಡಲು ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಂತರು.

ನಾಲ್ಕು ಗಂಟೆಯಾಯಿತು. ಸ್ಕೂಟರಿಲ್ಲ. ನಾಲ್ಕೂಐದು. ನಾಲ್ಕೂಹತ್ತು. ತಡವಾಗಿ ಬರುವ ಗಾಡಿಗಳನ್ನು ಇಡೀ ಜೀವಮಾನ ಕಾದವನು ನಾನು, ಆ ಹತ್ತು ನಿಮಿಷ ಕಾಯಲಾರದೆ ರಸ್ತೆಯವರೆಗೆ ಮೂರು ಸಲ ಹೋಗಿ ಬಂದೆ. ನಾಲ್ಕೂ ಹದಿಮೂರಕ್ಕೆ ತಿರುವಿನಲ್ಲಿ ಹಾರ್ನ್ ಕೇಳಿತು.

ಅಧಿಕಾರಿ ನಾನು ತಿದ್ದಿದ ಅರ್ಜಿಯನ್ನೂ ಪುತ್ತೂರಿನ ಪತ್ರವನ್ನೂ ಓದಿದರು, ಒಪ್ಪಿಗೆಯನ್ನು ಪಹಣಿಗೆ ಹೋಲಿಸಿದರು. "ಯಜಮಾನರು ಎಲ್ಲಿ?" ಎಂದರು. ಅಧ್ಯಕ್ಷರು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟು, ನಿಂತು, ಬದಿಗೆ ಸರಿದರು. ಅಕ್ಕ ಗದ್ದೆಗೆ ಇಳಿದು ಸುಣ್ಣದ ಚೌಕದ ನಡುವೆ ನಿಂತರು. ಇನ್ನೂ ಕಣ್ಣು ಪೂರ್ತಿ ಬಿಡಲು ಆಗುತ್ತಿರಲಿಲ್ಲ. ಅಧಿಕಾರಿ ಮೊಬೈಲನ್ನು ಅಡ್ಡ ಹಿಡಿದು, ಪಂಚಾಂಗ ಹಿಂದೆ ಬಾರದಂತೆ ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆದರು. ಶೆಡ್ಡಿನ ವಿಷಯವನ್ನು ಮುಚ್ಚಲಿಲ್ಲ, ಪುತ್ತೂರಿನ ಪತ್ರದ ಜೊತೆ ಅದರದೂ ಬೇರೆ ಫೋಟೋ ತೆಗೆದು, ಖಾಸಗಿ ಖರ್ಚಿನದು ಎಂದು ವರದಿಯಲ್ಲಿ ಬರೆದರು. ಮೊಬೈಲಿನಲ್ಲಿ ನೆಟ್‌ವರ್ಕ್ ಒಂದೇ ಗೆರೆ. ಗದ್ದೆಯ ತುದಿಯ ಬಂಡೆ ಹತ್ತಿ ಕೈ ಮೇಲೆತ್ತಿ ನಿಂತರು. ನಾವೆಲ್ಲ ಆ ಕೈಯನ್ನೇ ನೋಡುತ್ತಿದ್ದೆವು.

"ಹೋಯ್ತು," ಎಂದರು. "ಪಟ್ಟಿಯಲ್ಲಿ ಸೇರಿತು."

ಆ ಗದ್ದೆಯಲ್ಲಿ ಎದ್ದ ಕೂಗು ಪಂಜದ ಪೇಟೆಗೆ ಕೇಳಿಸಿರಬೇಕು.

"ಮಂಜೂರಾತಿ ಬರುವುದು ಇನ್ನು ಮೇಲೆ," ಎಂದು ಅವರು ಎಚ್ಚರಿಸಿದರು. ನನ್ನ ಕಡೆ ಬೆರಳು ತೋರಿಸಿ ಹೇಳಿದರು, "ಸರ್, ಕಾರ್ಯಾದೇಶ ಬರುವವರೆಗೆ ಈ ಚೌಕದ ಒಳಗೆ ಒಂದು ಕಡ್ಡಿ ಕೂಡ ನೆಡಬೇಡಿ. ಇವರನ್ನು ಯಾರಾದ್ರೂ ಹಿಡ್ಕೊಳ್ಳಿ."

"ನಾನು ಹಿಡ್ಕೊಳ್ತೇನೆ," ಎಂದರು ಅಕ್ಕ. "ಗದ್ದೆ ನನ್ನದಲ್ವಾ?"

ಅಕ್ಕ ಅಧಿಕಾರಿಯ ಸ್ಕೂಟರಿನ ಚೀಲಕ್ಕೆ ಎರಡು ಸೌತೆ ಹಾಕಲು ಹೋದರು. ಅಧಿಕಾರಿ ಬೇಡವೆಂದು ತೆಗೆದಿಟ್ಟು ಇನ್ನೊಂದು ಲೋಟ ಬೆಲ್ಲ ನೀರು ಕುಡಿದು ಹೊರಟರು.

ಕೆಲಸ ಮುಗಿದಿರಲಿಲ್ಲ. ಜಗಲಿಯ ತುಂಬ ಸೌತೆ ಮಲಗಿತ್ತು, ಇವತ್ತೇ ತೂಗಹಾಕುವ ಮಾತು ಕೊಟ್ಟಿದ್ದೆ. ಒದ್ದೆ ಮಾಡಿದ ಬಾಳೆನಾರನ್ನು ಹೆಂಗಸರು ಸೀಳಿ ಕೊಟ್ಟರು. ಒಂದೊಂದು ಸೌತೆಗೂ ಎರಡು ಸುತ್ತು ನಾರು, ತೊಟ್ಟಿನ ಕೆಳಗೆ ಗಂಟು, ಒಂದಕ್ಕೊಂದು ತಾಗದಂತೆ ಅಡ್ಡಕ್ಕೆ ಸಾಲು. ಏಣಿಯ ಮೇಲೆ ಅಧ್ಯಕ್ಷರು, ಏಣಿ ಹಿಡಿದವನು ನಾನು, ಕೆಳಗಿನಿಂದ ಕೊಡುವವರು ಅಕ್ಕ. ಗಂಡನ ಮೊದಲ ಗಂಟು ಜಾರಿದಾಗ ಅವರನ್ನು ಇಳಿಸಿ ನನ್ನನ್ನು ಹತ್ತಿಸಿದರು. ಒಂಟಿ ಹಳಿಯಲ್ಲಿ ಗಾಡಿಯ ಡ್ರೈವರಿಗೆ ಕೊಡುವ ಟೋಕನ್ನಿನ ಚೀಲ ಕಟ್ಟುತ್ತಿದ್ದ ಗಂಟು ನನ್ನ ಬೆರಳುಗಳಿಗೆ ಇನ್ನೂ ನೆನಪಿತ್ತು. ಅದು ಜಾರಲಿಲ್ಲ.

ಉಳಿದ ಮನೆಯವರು ಒಬ್ಬೊಬ್ಬರಾಗಿ ದನದ ಹಟ್ಟಿಯ ಕೆಲಸಕ್ಕೆ ಹೊರಟರು. ಕೊನೆಗೆ ಉಳಿದದ್ದು ಒಂದೇ, ಎಲ್ಲಕ್ಕಿಂತ ದಪ್ಪದ್ದು. ಅಕ್ಕ ಅದನ್ನು ಎರಡೂ ಕೈಯಲ್ಲಿ ತಿರುಗಿಸಿ, ಕಣ್ಣಿನ ಹತ್ತಿರ ತಂದು, ಎಲ್ಲೂ ಪೆಟ್ಟಾಗಿಲ್ಲ ಎಂದು ನೋಡಿ ನನಗೆ ಕೊಟ್ಟರು. ನಾರು ಸುತ್ತಿದೆ, ಗಂಟು ಬಿಗಿದೆ, ಕೈ ಬಿಟ್ಟೆ. ಆರು ಗಂಟೆ ಮೂವತ್ತೈದು ನಿಮಿಷಕ್ಕೆ ಅದು ಅಟ್ಟದ ಕೆಳಗೆ ಉಳಿದವುಗಳ ಸಾಲಿನಲ್ಲಿ ತೂಗಿ ನಿಂತಿತು.